ಮೊದಲ ಪ್ರಶ್ನೆ

ಜುಗ್ದೀದಿಯಲ್ಲಿ, ಬೇಕರಿಯ ಮಹಡಿಯ ಮೇಲೆ
ನಾಲ್ಕನೇ ಸಲ
ಅದೇ ನೀಲಿ ಪರದೆ, ಅದೇ ಪ್ರಶ್ನೆ:
ಯಾವ ಭಾಷೆ?

ಹೊಸ ಎಸ್‌ಎಸ್‌ಡಿ, ಬಿಸ್ಕತ್ತಿನಷ್ಟು ತೆಳು,
ಕೊಟ್ಟದ್ದೆಲ್ಲ ನುಂಗುತ್ತದೆ, ನೂರಕ್ಕೆ ನೂರು ಅನ್ನುತ್ತದೆ,
ರೀಸ್ಟಾರ್ಟ್ ಆದೊಡನೆ
ನಿನ್ನನ್ನು ಕಂಡೇ ಇಲ್ಲವೆಂಬಂತೆ ಮತ್ತೆ ಕೇಳುತ್ತದೆ.

ತ್ಸಿರಾ ತಿರುಪು ಬಿಚ್ಚಿ ಮತ್ತೆ ಕೂರಿಸಿದಳು.
ಬಯಾಸ್ ತಡಕಿದಳು. ಕಾಫಿ ಆರಿತು.
ಪಟ್ಟಿಯಲ್ಲಿ ಜಾರ್ಜಿಯನ್ ಇದೆ, ರಷ್ಯನ್ ಇದೆ,
ಅಜ್ಜಿ ಬೈಯುತ್ತಿದ್ದ ಮೆಗ್ರೇಲಿಯನ್ ಇಲ್ಲ.
ಅದರಲ್ಲೇ ಬೈದಳು, ಬಾಯಿತುಂಬ.

ಬೈಗುಳ ಕೇಳಿ ಮೇಲೆ ಬಂದ ಕೋಚಾ,
ಮೊಣಕೈವರೆಗೂ ಮೈದಾ,
ಮಿಣುಕುವ ಪೆನ್‌ಡ್ರೈವ್ ನೋಡಿದ:
"ಬೆಂದ ರೊಟ್ಟಿ ಒಲೆಯಲ್ಲೇ ಬಿಟ್ಟು
ಮತ್ತೆ ಹಿಟ್ಟು ಕಲಸುತ್ತೀಯಲ್ಲ, ಅಕ್ಕ."

ಕಿತ್ತಳು.
ಹನ್ನೊಂದು ಸೆಕೆಂಡು ಕಪ್ಪು.
ಆಮೇಲೆ ಪ್ರಶ್ನೆಯಿಲ್ಲ, ಪರದೆಯ ನಡುವೆ
ಅವಳದೇ ಹೆಸರು,
ನಾಲ್ಕನೇ ಸಲದ ಸಿಟ್ಟಿನಲ್ಲಿ
ಒಂದಕ್ಷರ ತಪ್ಪಿ.