ಹೊಗೆಯ ಬಣ್ಣ

ಮೊದಲ ಸಲ ವಾಪಸು ಕಳಿಸಿದರು.
ಬೆರಳ ತುದಿಯ ಹನಿಯಲ್ಲಿ ಇನ್ನೂರ ಅರವತ್ತೆಂಟು.
‘ನೀವೇ ಇಷ್ಟು ಸಕ್ಕರೆ ತುಂಬಿಕೊಂಡು ಬಂದರೆ
ನಮ್ಮ ಸಕ್ಕರೆಗೆ ಜಾಗ ಎಲ್ಲಿ, ಕಾಕಾ?
ಇಳಿಸಿಕೊಂಡು ಬನ್ನಿ’ ಎಂದಳು ಸ್ಕ್ಯಾನಿನ ಹುಡುಗಿ.
ಪರೇಲಿನಿಂದ ಡೊಂಬಿವಲಿಗೆ
ಖಾಲಿ ಹೊಟ್ಟೆಯ ಸ್ಲೋ ಲೋಕಲ್.
ಕುರ್ಲಾದಲ್ಲಿ ವಡಾಪಾವಿನ ವಾಸನೆ ಹತ್ತಿತು,
ಠಾಣೆಯವರೆಗೂ ಇಳಿಯಲಿಲ್ಲ.

ನಾನು ಬಾಯ್ಲರ್ ಮನುಷ್ಯ.
ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ,
ಅದರಲ್ಲಿ ರಾತ್ರಿಪಾಳಿ ಎಷ್ಟೆಂದು
ಸಾವಂತ್ರವ್ವನನ್ನೇ ಕೇಳಬೇಕು.
ಒಲೆಯ ಬಾಯಿ ತೆರೆಯದೆ ಹೇಳಬಲ್ಲೆ
ಒಳಗಿನ ಉರಿ ಹೇಗಿದೆಯೆಂದು.
ಚಿಮಣಿಯ ತುದಿ ನೋಡಿದರಾಯಿತು:
ತೆಳು ಬೂದಿ ಬಣ್ಣವೋ, ಕೂತು ಚಹಾ ಕುಡಿ.
ಕಪ್ಪೋ, ಗಾಳಿ ಸಾಲದು, ಡ್ಯಾಂಪರ್ ತೆಗೆ.
ಅರ್ಧ ಉರಿದ ಕಲ್ಲಿದ್ದಲು
ಶಾಖ ಕೊಡುವುದು ಚೂರು, ಮಸಿ ಕೊಡುವುದು ಮಣ.

ಬೆಳಗಿನ ಜಾವ ಮೂರಕ್ಕೆ ಕ್ಯಾಂಟೀನಿನ ಪಾವು,
ನಾಲ್ಕು ಚಮಚ ಸಕ್ಕರೆಯ ಚಹಾ.
ಊರೆಲ್ಲ ಒಲೆ ಆರಿಸಿ ಮಲಗಿದಾಗ
ನಾನು ಎರಡು ಒಲೆಗೆ ಒಟ್ಟುತ್ತಿದ್ದೆ,
ಒಂದು ಕಂಪನಿಯದು.
ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಕೊರೆದೆ,
ಒಂದಲ್ಲ, ಮೂರು.
ಸೊಂಟ ಬೆಳೆದದ್ದನ್ನು
ಬಡ್ತಿ ಎಂದೇ ತಿಳಿದಿದ್ದೆ.

ಎರಡನೆಯ ಸಲ ನೂರ ಮೂವತ್ತೊಂದು. ಪಾಸು.
ಸೀಸದ ಡಬ್ಬಿಯಿಂದ ಸೂಜಿ ತೆಗೆದಳು.
ಮೇಕೆಯ ಕೊರಳಿಗೆ ಗಂಟೆ ಕಟ್ಟಿದ ಹಾಗೆ
ಸಕ್ಕರೆಗೇ ಗಂಟೆ ಕಟ್ಟಿದ್ದಾರಂತೆ,
ಎಲ್ಲಿ ಮೇಯಲು ಹೋದರೂ ಸುಳಿವು ಸಿಗುತ್ತದಂತೆ.
‘ಒಂದು ತಾಸು ಮಾತಿಲ್ಲ, ಅಲುಗಾಟವಿಲ್ಲ.
ದುಡಿದ ತೋಳು ತಾನೇ ತಿಂದುಬಿಡುತ್ತೆ.’
ಮಂದ ದೀಪ, ಒಂದು ಕಂಬಳಿ.
ಸುಮ್ಮನೆ ಕೂರುವ ಕೆಲಸ
ನನಗೆ ಯಾರೂ ಕಲಿಸಿರಲಿಲ್ಲ.

ನಾಲ್ಕು ದಿನದ ಮೇಲೆ ಡಾಕ್ಟರ್ ಪೆಡ್ಣೇಕರ್ ತೋರಿಸಿದರು:
ಬೂದಿಯಲ್ಲಿ ಬರೆದ ಮನುಷ್ಯ, ನಾನು.
ಮಿದುಳು ಧಗಧಗ. ‘ಅದು ಹಾಗೇ, ಸದಾ ಹಸಿವು.’
ಮೂತ್ರಕೋಶದಲ್ಲೊಂದು ದೀಪ. ಅದೂ ಸರಿ.
ಮತ್ತೆ ಬಲಗಡೆ, ದೊಡ್ಡ ಕರುಳಿನ ತಿರುವಿನಲ್ಲಿ,
ಅವರಿಗೆ ಮೊದಲೇ ಗೊತ್ತಿದ್ದ ಜಾಗದಲ್ಲಿ,
ಹುಣಸೆಬೀಜದಷ್ಟು ಕೆಂಡ.
ಯಾರ ಪಾಳಿಗೂ ಸೇರದ ಒಲೆ.

‘ಗಾಳಿ ಇದೆ, ಆದರೂ ಅರ್ಧವೇ ಉರಿಸುತ್ತೆ.
ಹುಳಿ ಉಗುಳುತ್ತೆ, ಮತ್ತೆ ಸಕ್ಕರೆ ಬೇಡುತ್ತೆ.’
‘ಡ್ಯಾಂಪರ್ ತೆರೆದಿದ್ದೂ?’
‘ತೆರೆದಿದ್ದೂ.’
ಸಿಟ್ಟು ಬಂತು. ರೋಗದ ಮೇಲಲ್ಲ,
ಆ ಕಳಪೆ ಕೆಲಸದ ಮೇಲೆ.
ಆಮೇಲೆ ತಿಳಿಯಿತು, ಅದಕ್ಕೆ ಶಾಖ ಬೇಕಿಲ್ಲ,
ಮಸಿಯೇ ಬೇಕು:
ಆ ಮಸಿಯಲ್ಲೇ ಗೋಡೆ ಕಟ್ಟುತ್ತದೆ.

‘ಹಾಗಾದರೆ ನಾನೇ ಹೊತ್ತಿಸಿದೆನೆ?’
ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
‘ಕಿಡಿ ಎಲ್ಲಿಂದ ಬಂತೋ ಹೇಳಲಾರೆ.
ಸುತ್ತ ಒಣ ಸೌದೆ ಇತ್ತು, ಅಷ್ಟು ಹೇಳಬಲ್ಲೆ.’
ನನ್ನ ಜೋಡಿ ಬಬನ್ ಘರತ್,
ಸೊಂಟ ನನ್ನದಕ್ಕಿಂತ ಎರಡು ತೂತು ಮುಂದೆ,
ಮೊಮ್ಮಗಳ ಮದುವೆಯಲ್ಲಿ ಕುಣಿದು ಬಂದ.
ಸಿಹಿ ಮುಟ್ಟದ, ಬಡಕಲು ಈರಪ್ಪ
ನಲವತ್ತೊಂದಕ್ಕೆ ಹೋದ, ಇದೇ ಕರುಳಿನಿಂದ.
ಲೆಕ್ಕ ಸಾವಿರ ಜನರದು.
ಬೆಲ್ಟು ಒಬ್ಬನದು.

ಒಂದು ಹೇಳುವುದು ಮರೆತೆ.
ಸ್ಕ್ಯಾನಿನ ದಿನ ಹುಡುಗಿ ಹೇಳಿದ್ದಳು:
ಚೆನ್ನಾಗಿ ನೀರು ಕುಡಿಯಿರಿ,
ಸಂಜೆಯವರೆಗೆ ಎಳೆಮಕ್ಕಳನ್ನು ಎತ್ತಿಕೊಳ್ಳಬೇಡಿ.
ಲೋಕಲ್‌ನಲ್ಲಿ ಎದುರಿಗೆ
ತಾಯ ತೊಡೆಯಲ್ಲೊಂದು ಕೂಸು,
ಜೊಲ್ಲಿಳಿಸಿದ ಬಿಸ್ಕತ್ತು ನನಗೆ ಚಾಚಿತು.
ಸಕ್ಕರೆಯದು.
ಎದ್ದು ಬಾಗಿಲ ಬಳಿ ನಿಂತೆ,
ಕೂಸು ಅತ್ತಿತು, ತಾಯಿ ನನ್ನ ಬೈದಳು,
ಬೈಯಲಿ. ಒಳಗೆ ಎಲ್ಲೋ
ಗಂಟೆ ಕಟ್ಟಿದ್ದು ಮೇಯುತ್ತಿತ್ತು.

ಡೊಂಬಿವಲಿ ಸೇತುವೆಯ ಮೇಲೆ ನಿಂತು
ರೂಢಿಯಂತೆ ಕತ್ತೆತ್ತಿದೆ.
ನಮ್ಮ ಚಿಮಣಿ. ಕಪ್ಪು.
ಹೊಸ ಹುಡುಗ ಪಾಳಿಯಲ್ಲಿದ್ದಾನೆ.
ಫೋನು ಹಚ್ಚಿದೆ:
‘ಗಾಳಿ ಬಿಡೋ ತಮ್ಮಾ, ಗಾಳಿ ಬಿಡು.’