ಸಾಮಾನ್ಯ ಜ್ಞಾನ

ಸಿಂಧನೂರಿಗೆ ಹೋಗಿ ಬಂದ ನಿತಾಯ್ ಮಾಮಾ ಹೇಳಿದ:
ಸಾಹೇಬರು ಬರೇ ಕಾಗದ ನೋಡಂಗಿಲ್ಲಂತ,
ಕರ್ನಾಟಕದ ಮ್ಯಾಲ ಪ್ರಶ್ನೆ ಕೇಳತಾರಂತ.
ಯಾರಿಗೆ ಕೇಳಿದರು? ಅದು ಗೊತ್ತಿಲ್ಲ.
ಯಾರೋ ಅಂದದ್ದನ್ನು ಯಾರೋ ಕೇಳಿಸಿಕೊಂಡದ್ದು.
ಆದರೂ ಆವತ್ತು ದೀಪ ಹಚ್ಚುವ ಹೊತ್ತಿಗೆ
ಮೂರನೇ ಕ್ಯಾಂಪಿನ ಮುದುಕರೆಲ್ಲ
ಮೊಮ್ಮಕ್ಕಳ ಪಾಟಿಚೀಲಕ್ಕೆ ಕೈ ಹಾಕಿದ್ದರು.

ತಮ್ಮನ ನಾಲ್ಕನೇ ತರಗತಿಯ ಪುಸ್ತಕ,
ರಟ್ಟಿಲ್ಲ, ಆನೆಗೆ ಮೀಸೆ ಬರೆದಿದ್ದಾನೆ,
ಹಿಡಿದು ಠಾಕುಮಾಳ ಎದುರು ಕೂತೆ.
ಅವಳು ಈಳಿಗೆಮಣೆಯ ಮೇಲೆ
ಕಾಲುವೆ ಮೀನಿನ ಹುರುಪೆ ತೆಗೆಯುತ್ತಿದ್ದಳು.

ಜಿಲ್ಲೆ ಎಷ್ಟು?
ಹತ್ತೊಂಬತ್ತು.
ಅಲ್ಲ, ಮೂವತ್ತೊಂದು.
ನಾ ಬಂದಾಗ ಹತ್ತೊಂಬತ್ತ ಇದ್ದವು,
ಆಮ್ಯಾಲ ಒಡಕೊಂಡವರು ನೀವು.
ಕೊಪ್ಪಳ ಆಗ ನಮ್ಮ ಜಿಲ್ಲಾದಾಗ ಇತ್ತು.

ನಮ್ಮ, ಅಂದಳು.
ಪೆನ್ಸಿಲಿನಿಂದ ಒಂದು ಗುರುತು ಹಾಕಿದೆ,
ಸರಿ ಎಂದೋ ತಪ್ಪು ಎಂದೋ ನನಗೇ ತಿಳಿಯದೆ.

ರಾಜ್ಯಕ್ಕೆ ಈ ಹೆಸರು ಬಂದದ್ದು ಯಾವಾಗ?
ಅದಕ್ಕಿಂತ ಎರಡು ವರ್ಷ ಮೊದಲೇ ಬಂದವಳು ಅವಳು.
ಟ್ರಂಕಿನ ತಳದಲ್ಲಿರುವ ಮೊದಲ ರೇಷನ್ ಕಾರ್ಡಿನ
ನೆತ್ತಿಯ ಮೇಲೆ ಮೈಸೂರು ಅಂತಲೇ ಇದೆ.
ಒಂದಿನ ನಾಟಿ ಹಚ್ಚುವಾಗ ಬದುವಿನಿಂದ ಯಾರೋ ಕೂಗಿದರಂತೆ:
ಏ, ಇನ್ ಮ್ಯಾಲ ಇದು ಕರ್ನಾಟಕ!
ಬಗ್ಗಿದವರು ಎದ್ದು ನಿಂತು ನಡು ಹಿಡಿದುಕೊಂಡು
ಮತ್ತೆ ಬಗ್ಗಿದರಂತೆ.
ಕಚೇರಿಯಾಗ ನನ್ನ ಹೆಸರು ಮೂರು ಸಲ ಬದಲಾತು,
ಫುಲ್ಮಾಲಾ, ಪೂಲಮಾಲ, ಪುಲಮಾಲಮ್ಮ.
ರಾಜ್ಯಕ್ಕೂ ಹಂಗ ಆಗಿರಬೇಕು ಅಂದಕೊಂಡೆ.

ನದಿಗಳು?
ಪುಸ್ತಕದಲ್ಲಿ ಕಾವೇರಿ ಮೊದಲು. ಅದನ್ನು ಅವಳು ನೋಡಿಲ್ಲ.
ಎಡದಂಡೆಗೆ ಗೇಟು ಎತ್ತಿದ ಸುದ್ದಿ,
ಅದು ಕೆಳಗಿನ ಗದ್ದೆ ಮುಟ್ಟಲು ಹಿಡಿಯುವ ರಾತ್ರಿಗಳು,
ಯಾರ ಮೋಟರು ಎಲ್ಲಿ ಕದ್ದು ಕುಡಿಯುತ್ತದೆ,
ಇಷ್ಟು ಗೊತ್ತು.
ಇದು ಪುಸ್ತಕದಲ್ಲಿಲ್ಲ, ಎಂದೆ.
ಹಂಗಾದರ ಪುಸ್ತಕದವರು ಭತ್ತ ಬೆಳೆಯಂಗಿಲ್ಲ, ಎಂದಳು.

ರಾಜ್ಯಪಕ್ಷಿ?
ತಲೆ ಎತ್ತಿ ಹೊರಗೆ ನೋಡಿದಳು. ನೀಲಕಂಠ.
ಬಂತಲ್ಲ! ಹೆಂಗ ಗೊತ್ತಾತು?
ಏನ್ ಬಂತು? ತಂತಿ ಮ್ಯಾಲ ಕುಂತೈತಿ ನೋಡು,
ಅದನ್ನ ಅಂದೆ.

ಕೈಯ ಹುರುಪೆ ಸೀರೆಗೆ ಒರೆಸಿಕೊಂಡು
ಆಮೇಲೆ ತುಸು ತಡೆದು ಹೇಳಿದಳು.
ಮಧುಮತಿಯ ದಂಡೆಯ ಮೇಲೆ, ದಶಮಿಯ ದಿನ,
ದುರ್ಗಾ ನೀರಿಗೆ ಇಳಿಯುವ ಮೊದಲು
ಜಮೀನ್ದಾರರ ಮನೆಯವರು ಪಂಜರ ತೆರೆಯುತ್ತಿದ್ದರಂತೆ.
ಹೊಂಟಾಳ ಅಂತ ಕೈಲಾಸಕ್ಕ ಸುದ್ದಿ ಮುಟ್ಟಸಾಕ.
ಆಕಿ ಪ್ರತಿ ವರ್ಷ ಮುಟ್ಟಿದಳು,
ನಾವು ಎಲ್ಲಿ ಮುಟ್ಟಿದಿವಿ ಅಂತ ಹೇಳಾಕ ಯಾವ ಹಕ್ಕಿ ಹೋತು?

ನಾಟಿಯ ಪಾಳಿ ಕೇಳಲು ಬಂದ ದುರಗವ್ವ
ಬಾಗಿಲಲ್ಲೇ ನಿಂತು ದನಿಗೂಡಿಸಿದಳು:
ಹೌದ ಬೇ, ಬನ್ನಿ ಕೊಡೋ ದಿನ ಅದು ಕಂಡರ ಪುಣ್ಯ.
ಇಬ್ಬರ ಬಾಯಲ್ಲೂ ಒಂದೇ ಹೆಸರು,
ಅಜ್ಜಿಯ ಬಾಯಲ್ಲಿ ಕೊನೆಗೆ ತುಸು ದುಂಡಗೆ.

ರಾಯಚೂರಿನ ಕಚೇರಿಯಲ್ಲಿ ಫ್ಯಾನು ಕಿರ್ ಎನ್ನುತ್ತಿತ್ತು.
ಮಡಿಕೆಯಲ್ಲಿ ಹರಿದ ಗಡಿಚೀಟಿಯನ್ನು
ಸಾಹೇಬರು ಗಾಜಿನ ಕೆಳಗೆ ಜೋಡಿಸಿದರು.
ಊರು ಯಾವುದಮ್ಮ?
ಮೂರನೇ ಕ್ಯಾಂಪು.
ಅದಲ್ಲ. ಹುಟ್ಟಿದ್ದು.

ಅದನ್ನು ನಾವು ಓದಿಕೊಂಡಿರಲಿಲ್ಲ.

ಅವಳು ನನ್ನ ಮುಖ ನೋಡಿದಳು.
ಫ್ಯಾನು ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ,
ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ,
ಮೂವತ್ತೊಂದು, ಸಾಹೇಬ್ರ, ಎಂದಳು.

ಗುಮಾಸ್ತ ನಕ್ಕ. ಸಾಹೇಬರು ನಗಲಿಲ್ಲ.
ಏನೋ ಬರೆದುಕೊಂಡರು. ಏನೆಂದು ಕಾಣಲಿಲ್ಲ.

ಮಾನ್ವಿ ದಾಟುವವರೆಗೂ ಅವಳು ಮಾತಾಡಲಿಲ್ಲ.
ಕಿಟಕಿಯಾಚೆ ಒಂದೊಂದೇ ಕಂಬ, ಒಂದೊಂದೇ ತಂತಿ,
ಎಲ್ಲವನ್ನೂ ಬಿಡದೆ ನೋಡುತ್ತಿದ್ದಳು.
ಆಮೇಲೆ ಮೊಳಕೈಯಿಂದ ತಿವಿದು,
ಹೂವಿಂದು ಕೇಳಲೇ ಇಲ್ಲಲ್ಲ, ಎಂದಳು,
ರಾತ್ರಿಯೆಲ್ಲ ಅದನ್ನ ಬಾಯಿಪಾಠ ಮಾಡಿದ್ದೆ.