ಸೇರಿನ ಲೆಕ್ಕ

ಬಲಗೈ ಮುಚ್ಚಿಕೊಂಡು ಹನ್ನೊಂದು ತಿಂಗಳು.
ಭಟ್ಟಿಯ ಮರಳು ಸಿಡಿದು ಮಣಿಕಟ್ಟಿನ ಮೇಲೆದ್ದ ಬೊಬ್ಬೆ
ವಾರಕ್ಕೇ ಮಾಯಿತು. ಮುಷ್ಟಿ ಮಾತ್ರ
ಯಾರದೋ ಬೀಗದ ಹಾಗೆ ನನ್ನಲ್ಲೇ ಉಳಿಯಿತು.

ಸ್ಕ್ಯಾನು ಸ್ವಚ್ಛ, ರಕ್ತ ಸ್ವಚ್ಛ.
‘ಏನೂ ಇಲ್ಲ’ ಅಂದರು ಮೂವರು ಡಾಕ್ಟರು.
ಆ ಏನೂ ಇಲ್ಲದ್ದನ್ನು ಸೆರಗಲ್ಲಿ ಮುಚ್ಚಿ
ಆಜಾದ್ ನಗರದ ಗಲ್ಲಿ ದಾಟುತ್ತಿದ್ದೆ.
ಅತ್ತಿಗೆ ತಾಯಿತ ಕಟ್ಟಿದಳು.
ಭಟ್ಟಿ ಸಾಹುಕಾರ, ‘ನಾಟಕ ಬಿಡು ಜೈತುನ್‌ಬಿ.’

ಈ ಡಾಕ್ಟರಮ್ಮ ಫೈಲು ಬದಿಗಿಟ್ಟರು.
‘ಮಂಡಕ್ಕಿ ಹೆಂಗ್ ಅಳೀತೀರಿ? ಎಡಗೈಲಿ ತೋರ್ಸಿ,
ಎಣಿಸ್ತಾ, ನಾನು ಮೇಜು ಬಡಿದಂಗೆ.’
ಅಳೆಯುವಾಗ ಒಂದಕ್ಕೆ ಒಂದೆನ್ನಬಾರದು:
ಲಾಭ, ಎರಡು, ಮೂರು...
ಅವರ ಬೆರಳು ಬೇಕೆಂದೇ ತಾಳ ತಪ್ಪಿಸುತ್ತಿತ್ತು.
ಬೆನ್ನು ಹತ್ತಿದೆ ಹಟದಿಂದ.
ಹದಿನಾಲ್ಕೋ ಹದಿನೈದೋ ಎಂದು ತಡವರಿಸುವಾಗ
‘ಕೆಳಗೆ ನೋಡಿ’ ಅಂದರು.

ಮಡಿಲಲ್ಲಿ ಬಲಗೈ, ಅಂಗಾತ.
ಬೆವೆತ ಅಂಗೈ. ಉಗುರು ನಾಟಿದ ನಾಲ್ಕು ಗುರುತು.
ನೋಡುತ್ತಲೇ ಮುಚ್ಚಿತು.

‘ಹಂಗಾದ್ರೆ ನಾಟಕಾನೇ!’ ಗಂಡ ಎದ್ದು ನಿಂತ.
‘ಕೂತ್ಕಳ್ಳಿ. ಇದೇ ಕಾಯಿಲೆಯ ಗುರುತು.
ತಂತಿ ಸುಟ್ಟಿಲ್ಲ, ಮಿದುಳು ಕೈಗೆ ಕಳಿಸೋ ಮಾತು
ದಾರಿ ತಪ್ಪೈತೆ. ನಿಜವಾದ ಕಾಯಿಲೆ.
ಹೆಸರೈತೆ ಇದಕ್ಕೆ.’
ಬರೆದೂ ಕೊಟ್ಟರು, ಕನ್ನಡದಲ್ಲಿ, ದಪ್ಪಕ್ಷರದಲ್ಲಿ.

ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು.
ಆಟೋದಲ್ಲಿ ಗಂಡ ಆ ಚೀಟಿ ಮತ್ತೆ ಮತ್ತೆ ಓದುತ್ತಿದ್ದ.
ಗೂಡ್ಸು ಗಾಡಿ ಬಂತು.
ಎಡಗೈಲಿ ತೊಡೆ ತಟ್ಟುತ್ತ ಬೋಗಿ ಎಣಿಸಿದೆ:
ಲಾಭ, ಎರಡು, ಮೂರು, ನಾಲ್ಕು...

ಕೆಳಗೆ ನೋಡಲಿಲ್ಲ.